ಡೆಲ್ಸಿ ಸೋತ ಒಗಟು

ಒಗಟಿನಲ್ಲಿ ಡೆಲ್ಸಿ ಸೋತದ್ದನ್ನು ಆ ಬೆಟ್ಟಗಳ ನಡುವೆ ಯಾರೂ ಕಂಡಿರಲಿಲ್ಲ. ಅಂಥ ಹಟಮಾರಿ. ಅಲ್ಲಿಯ ಕಟ್ಟಳೆಯೂ ಗಟ್ಟಿ: ಎದುರಿನವರು ಬಾಯಿಬಿಟ್ಟು 'ಸೋತೆ' ಎನ್ನುವ ತನಕ ಒಗಟು ಹಾಕಿದವರು ಉತ್ತರ ಹೇಳುವಂತಿಲ್ಲ. 'ಸೋತೆ' ಅಂದುಬಿಟ್ಟರೆ ಉತ್ತರ ಹೇಳದೆ ಇರುವಂತೆಯೂ ಇಲ್ಲ.

ಕ್ರಿಸ್‌ಮಸ್ ಊಟಕ್ಕೆ ಮನೆಮಂದಿಯೆಲ್ಲ ಕೂತಾಗ ಗಂಡ ಹೋಬರ್ಟ್ ತಾನೇ ಕಟ್ಟಿದ ಒಗಟೊಂದನ್ನು ಅವಳ ಮುಂದಿಟ್ಟಿದ್ದ. "ಹರೆಯದಲ್ಲಿ ಸೂಜಿ ಚುಚ್ಚಿಸ್ಕೊಂಡ, ಗೋಡೆಗೆ ನೇತುಬಿದ್ದು ಮುದುಕನಾದ, ಬಿಸಿನೀರಿಗೆ ಬಿದ್ದು ಮತ್ತೆ ಮೈತುಂಬ್ಕೊಂಡ. ಯಾರೇ ಅವನು?"

ಡೆಲ್ಸಿ ತಂಬಾಕಿನೆಲೆ ಎಂದಳು, ಹಳೇ ಕೋಟು ಎಂದಳು. ಅವನು ಮೀಸೆಯಲ್ಲೇ ನಗುತ್ತ ತಟ್ಟೆ ಖಾಲಿ ಮಾಡಿದ. ಅವಳು 'ಸೋತೆ' ಎನ್ನಲಿಲ್ಲ, ಒಗಟು ಹಾಗೇ ಉಳಿಯಿತು. ಹೊಸ ವರ್ಷ ಹುಟ್ಟುವ ಮೊದಲೇ ಅವನಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ನಿಧಾನಕ್ಕೆ ಮರಳಿದವು, ಮಾತು ಮರಳಲಿಲ್ಲ. ಹೇಗಾದರೂ ಮಾತಾಡಿಸಿ ಎಂದರು ಡಾಕ್ಟರು. ಡೆಲ್ಸಿ ಗೋಗರೆದಳು, ಬೈದಳು, ಹರಕೆ ಹೊತ್ತಳು. ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ. ಅವನ ದನಿಯಿಲ್ಲದ ಮನೆ ಅವಳಿಗೆ ಬೇಡವಾಗಿತ್ತು.

ಈಗ ಬೇಸಿಗೆ. ಜಗಲಿಯ ತುಂಬ ಹುರುಳಿಕಾಯಿ ರಾಶಿ. ಚಳಿಗಾಲಕ್ಕೆಂದು ಡೆಲ್ಸಿಯೂ ನಾದಿನಿ ವರ್ಡೀಯೂ ಕಾಯಿಗಳನ್ನು ದಾರಕ್ಕೆ ಪೋಣಿಸಿ ಗೋಡೆಗೆ ಒಣಹಾಕುತ್ತಿದ್ದರು. ಹೋಬರ್ಟ್ ತೂಗುಕುರ್ಚಿಯಲ್ಲಿ ಕೂತು ನೋಡುತ್ತಿದ್ದ.

"ಹಗಲೆಲ್ಲ ಬೆಟ್ಟ ಸುತ್ತುತ್ತೆ, ರಾತ್ರಿ ಮಂಚದ ಕೆಳಗೆ ನಾಲಿಗೆ ಚಾಚ್ಕೊಂಡು ಬಿದ್ದಿರುತ್ತೆ. ಹೇಳಿ ಅತ್ತಿಗೆ!" ಎಂದಳು ವರ್ಡೀ.

"ಇನ್ಯಾರು, ನಿನ್ನ ಗಂಡ."

ವರ್ಡೀ ಬಿದ್ದು ಬಿದ್ದು ನಕ್ಕಳು.

"ಬೂಟು ಕಣೇ. ತೊಟ್ಟಿಲಲ್ಲಿದ್ದಾಗ್ಲೇ ಕೇಳಿದ್ದೆ. ಬೇರೆ ಹಾಕು," ಎನ್ನುತ್ತ ಡೆಲ್ಸಿ ಎಳೆಯ ಕಾಯಿಗೆ ಸೂಜಿ ಚುಚ್ಚಿದಳು. ಕೈ ಅಲ್ಲೇ ನಿಂತಿತು. ಗೋಡೆಯ ಮೇಲೆ ಮೊನ್ನೆಯ ಸರ ಆಗಲೇ ಸುಕ್ಕುಗಟ್ಟಿತ್ತು. ಕ್ರಿಸ್‌ಮಸ್ ದಿನ ಅವನ ತಟ್ಟೆಯಲ್ಲಿದ್ದದ್ದೂ ಇದೇ, ಬೇಯಿಸಿದ ಒಣಕಾಯಿ!

ಗೆದ್ದ ಕೂಗು ನಾಲಿಗೆಯ ತುದಿಗೆ ಬಂತು. ತಿರುಗಿ ಹೋಬರ್ಟನ ಮುಖ ನೋಡಿದವಳು ಅದನ್ನು ನುಂಗಿಕೊಂಡಳು.

"ಆ ಕ್ರಿಸ್‌ಮಸ್ ಒಗಟು ನಂಗೆ ಬಗೆಹರೀಲಿಲ್ಲ ಕಣಯ್ಯಾ," ಎಂದಳು. "ಸೋತೆ."

"ಅತ್ತಿಗೆ! ನೀವಾ? ಉತ್ತರ ಕೈಯಲ್ಲೇ..." ಎಂದು ಬಾಯಿತೆರೆದ ವರ್ಡೀಯ ಕಾಲನ್ನು ಡೆಲ್ಸಿ ಒತ್ತಿ ತುಳಿದಳು.

ಕುರ್ಚಿ ತೂಗುವುದು ನಿಂತಿತು. ಹೋಬರ್ಟನ ದವಡೆ ಅಲ್ಲಾಡಿತು, ಕತ್ತಿನ ನರ ಉಬ್ಬಿತು.

"ಹು... ಹುರು... ಹುರುಳಿಕಾಯಿ," ಎಂದ. ಉಸಿರೆಳೆದುಕೊಂಡು, "ಪೆದ್ದಿ," ಎಂದೂ ಸೇರಿಸಿದ.

ದೇವರೇ, ನಿನ್ನ ಉಪಕಾರ ದೊಡ್ಡದು, ಎಂದುಕೊಂಡಳು ಡೆಲ್ಸಿ. ಕಣ್ಣೀರು ಮಡಿಲಿನ ಕಾಯಿಗಳ ಮೇಲೆ ಬಿತ್ತು.

"ಹೂಂ ಕಣಯ್ಯಾ, ಪೆದ್ದಿನೇ," ಎಂದಳು. "ಇನ್ನೊಂದು ಹಾಕು. ಅದಕ್ಕೂ ಸೋಲ್ತೀನಿ."