ಭಂಡಾರದ ಸ್ವರ್ಗ

ಕೊತ್ತಂಬರಿ, ಹಸಿ ಕೊತ್ತಂಬರಿಯ ವಾಸನೆ, ಮಾರ್ಕೆಟ್ ಯಾರ್ಡಿನಿಂದ ಹೊರಬಿದ್ದ ಟೆಂಪೋ ಒಂದು ರಿಕ್ಷಾದ ಮುಂದೆಯೇ ಓಲಾಡುತ್ತ ಹೋಗುತ್ತಿದೆ, ಹಿಂದಿನ ಹಲಗೆಯಿಂದ ನೀರು ತೊಟ್ಟಿಕ್ಕುತ್ತಿದೆ, ದಾಟೋ ಪುಣ್ಯಾತ್ಮಾ, ದಾಟು ಅದನ್ನು, ಎಂದು ಇಂದೂ ಮನಸ್ಸಿನಲ್ಲೇ ರಿಕ್ಷಾದವನ ಬೆನ್ನು ನೂಕುತ್ತಾಳೆ, ಬಾಯಿಂದ ಹೊರಡುವುದು ಮಾತ್ರ ಜರಾ ಲವಕರ್ ದಾದಾ, ಸ್ವಲ್ಪ ಬೇಗ ಅಣ್ಣಾ, ಎಂಬ ಮೆತ್ತನೆಯ ಮರಾಠಿ, ಲವಕರ್ ಅಂದರೆ ಹಾರಿಕೊಂಡು ಹೋಗಲೇ ಎಂದು ಅವನು ಕನ್ನಡಿಯಲ್ಲಿ ನಗುತ್ತಾನೆ, ಹಾರು, ಹಾರಿದರೂ ಸರಿ, ಸಿನಿಮಾ ಶುರುವಾಗಿಬಿಟ್ಟರೆ, ಪರದೆಯ ಮೇಲೆ ದಿಗಂಬರ ಮೊದಲ ಹತ್ತು ನಿಮಿಷದಲ್ಲೇ ಬಂದು ಹೋಗಿಬಿಟ್ಟರೆ, ಆಮೇಲೆ ಯಾರನ್ನು ಕೇಳುವುದು — ಎದೆ ಹೊಡೆದುಕೊಳ್ಳುತ್ತಿದೆ, ಹೆಣ್ಣು ನೋಡಲು ದಿಗಂಬರ ಧಾರವಾಡಕ್ಕೆ ಬಂದ ದಿನವೂ ಹೀಗೆ ಹೊಡೆದುಕೊಂಡಿರಲಿಲ್ಲ, ಆಗ ಅವನು ಬರೀ ಒಬ್ಬ ಪುಣೆಯ ವರ, ಈಗ ಅವನು ಹೋಗಿ ಎಂಟು ವರ್ಷ, ಎಂಟು ವರ್ಷದ ಮೇಲೆ ಗಂಡ ನಡೆಯುವುದನ್ನು ನೋಡಲು ಹೊರಟಿದ್ದಾಳೆ, ಯಾರಿಗಾದರೂ ಹೇಳಿದರೆ ತಲೆ ಸರಿಯಿಲ್ಲ ಅಂದಾರು. ಸ್ವಾರಗೇಟ್ ದಾಟುವಾಗ ಪಕ್ಕದಲ್ಲಿ ಕೇತಕಿ, ಒಂಬತ್ತು ತುಂಬಿದ ಮಗಳು, ಆಯಿ, ಇದ ಸ್ವರ್ಗದ ಗೇಟ ಏನ, ಅನ್ನುತ್ತಾಳೆ, ಹೌದು ಇದ, ಸುಮ್ಮನ ಕೂಡು, ಅನ್ನುತ್ತ ಇಂದೂ ನಕ್ಕುಬಿಡುತ್ತಾಳೆ, ನಗು ನಿಲ್ಲುತ್ತಲೇ ಇಲ್ಲ, ಈ ಹುಡುಗಿ ಅಪ್ಪನನ್ನು ನೋಡಿದ್ದು ಗೋಡೆಯ ಫೋಟೋದಲ್ಲಿ ಮಾತ್ರ, ಅಲ್ಲಿ ಅವನು ಎದೆಯವರೆಗೇ ಇದ್ದಾನೆ, ಕಾಲೇ ಇಲ್ಲ, ಪಪ್ಪಾ ಹ್ಯಾಂಗ ನಡೀತಿದ್ದ ಎಂದು ಒಮ್ಮೆ ಕೇಳಿದಾಗ ಇಂದೂಗೆ ತೋರಿಸಲು ಬರಲಿಲ್ಲ, ನಡೆಯುವುದನ್ನು ಯಾರಾದರೂ ಬಾಯಲ್ಲಿ ಹೇಳಲಾದೀತೇ, ಎಲ್ಲರ ಹಾಗೇ ನಡೀತಿದ್ದ, ಅಷ್ಟೇ ಅಂದಳು, ಸುಳ್ಳು ಅನ್ನಿಸಿತು. ಅವನಿದ್ದ ರಾಂಜಣಗಾಂವದ ಕಂಪನಿ ಬಸ್ಸು ಹೆದ್ದಾರಿಯಲ್ಲಿ ಮಗುಚಿದಾಗ ಈ ಹುಡುಗಿ ಇನ್ನೂ ಹೆಜ್ಜೆಯಿಡಲು ಕಲಿತಿರಲಿಲ್ಲ.

ಅತ್ತೆ ಬರಲಿಲ್ಲ, ದಿಗಂಬರ ಒಮ್ಮೆ ಸೇರಿಕೊಂಡಿದ್ದ ಆ ಹಳೆಯ ಸಿನಿಮಾ ಇವತ್ತು ತೋರಿಸುತ್ತಾರೆಂದು ಬೆಳಿಗ್ಗೆ ಮರಾಠಿ ಪೇಪರಿನ ಮೂಲೆಯ ನಾಲ್ಕು ಸಾಲು ಓದಿ ಹೇಳಿದ್ದೇ ತಪ್ಪಾಯಿತೇನೋ, ನಾ ಒಲ್ಲೆವಾ, ಆ ಸಿನಿಮಾದಾಗ ಅಂವಾ ಸತ್ತೋರ ಪೈಕಿ ಒಬ್ಬ ಆಗ್ಯಾನ, ಅದಕ್ಕ ಹಂಗ ಆತು, ಅಂಥಾದ್ದೆಲ್ಲಾ ಚಾಷ್ಟಿ ಮಾಡಬಾರದು, ಕೂಸಿನ್ನ ಯಾಕ ಕರಕೊಂಡ ಹೊಂಟಿ, ಎಂದು ಅಡುಗೆಮನೆಗೆ ಎದ್ದುಹೋದರು, ಅವರ ಬೆನ್ನು ನೋಡುತ್ತ ಇಂದೂ ಸೀರೆಯ ನಿರಿಗೆ ಸರಿಮಾಡಿಕೊಂಡಳು, ತನಗೂ ಒಮ್ಮೊಮ್ಮೆ ನಡುಹಗಲಲ್ಲಿ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದಾಗ ಹಾಗೇ ಅನ್ನಿಸಿದ್ದುಂಟು. ಮದುವೆಯಾದ ವರ್ಷ, ತೊಂಬತ್ಮೂರು, ಮನೆದೇವರು ಮೈಲಾರಲಿಂಗನಿಗೆ ಹರಕೆ ತೀರಿಸಲು ಮೂವರೂ ಜೇಜುರಿಗೆ ಹೋಗಿದ್ದರು, ಅಲ್ಲಿ ಖಂಡೋಬಾ ಅನ್ನುತ್ತಾರೆ ಅಷ್ಟೇ, ದೇವರು ಅವನೇ, ಅತ್ತೆಗೆ ಮೊಣಕಾಲು, ಕೆಳಗಿನ ಕಟ್ಟೆಯ ಮೇಲೇ ಕೂತರು, ಮೇಲೆ ಹೋದರೆ ದೊಡ್ಡ ದೊಡ್ಡ ಕನ್ನಡಿ ಹಿಡಿದ ಜನ, ಕ್ಯಾಮೆರಾ, ಹಗ್ಗ, ಟೊಪ್ಪಿಗೆಯ ಡೈರೆಕ್ಟರು, ಚೀಲಗಟ್ಟಲೆ ಭಂಡಾರ, ಅರಿಸಿನದ ಆ ಪುಡಿಯನ್ನು ಗಾಳಿಗೆ ತೂರಿ ತೂರಿ ಇಡೀ ಗುಡಿಯ ಅಂಗಳವನ್ನೇ ಹಳದಿ ಮಾಡಿದ್ದರು, ಅದೇ ಸ್ವರ್ಗವಂತೆ, ಸತ್ತವರೆಲ್ಲ ಅಲ್ಲಿ ಓಡಾಡಬೇಕಂತೆ, ಬಿಳಿ ಬಟ್ಟೆಯವರು ಬೇಕಂತೆ, ಪೂಜೆಗೆಂದು ಬಿಳಿ ಧೋತರ ಉಟ್ಟಿದ್ದ ದಿಗಂಬರನನ್ನು ಯಾರೋ ತೋಳು ಹಿಡಿದು ಎಳೆದುಕೊಂಡೇ ಹೋದರು, ಇವನು ತಿರುಗಿ ನನ್ನ ಚಪ್ಪಲಿ ಹಿಡೀಲೇ, ಸತ್ತು ಬರತೇನಿ, ಅಂದ, ಅವಳು ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಗೋಡೆಯ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕಳು, ಹೊಸ ಹಸಿರು ಸೀರೆ ಪೂರ್ತಿ ಹಳದಿ. ಆಮೇಲೆ ಒಂದಿಡೀ ವರ್ಷ ಮನೆಗೆ ಬಂದವರಿಗೆಲ್ಲ ಅವನು ಹೇಳಿದ್ದೇ ಹೇಳಿದ್ದು, ನನ್ನ ಸಿನಿಮಾ, ಅದರಾಗ ನಾ ಸತ್ತೇನಿ, ಹೀರೋ ಭೀ ಸತ್ತಾನ, ಆದರ ಅಂವನ್ನ ಯಾರರೆ ಕೆಳಗಿಂದ ಹೆಸರ ಹಿಡದು ಕರದ್ರ ಮತ್ತೊಂದ ದಿವಸ ಎಲ್ಲಾ ನೆನಪಿರತದ, ಇಲ್ಲಾಂದ್ರ ಮರೀತಾನ, ಅದಕ್ಕ ಹೀರೋಯಿನ್ನು ದಿನಾ ಮಾಳಿಗಿ ಮ್ಯಾಲೆ ನಿಂತು ಕರೀತಾಳ, ಭಾಳ ಛಲೋ ಕಥಿ — ಸಿನಿಮಾ ಬಂತೆಂದು ಗೊತ್ತಾಗಿ ಶನಿವಾರ ಹೋದರೆ ಥೇಟರಿನ ಮುಂದೆ ಒಬ್ಬ ಏಣಿ ಹತ್ತಿ ಅದೇ ಪೋಸ್ಟರಿನ ಮೇಲೆ ಬೇರೆ ಪೋಸ್ಟರು ಅಂಟಿಸುತ್ತಿದ್ದ, ಹಳದಿಯ ಮೇಲೆ ಕೆಂಪು, ಗೋಂದು ಇನ್ನೂ ಹಸಿ, ಕಾಲ್ ಗೇಲಾ ಪಿಕ್ಚರ್, ನಿನ್ನೆಯೇ ಹೋಯಿತು ಅಂದ, ದಿಗಂಬರ ಭೇಳ್ ತಿನ್ನೋಣ ನಡಿ ಅಂದ. ಆದ್ದರಿಂದ ಯಾರಿಗೂ ಗೊತ್ತಿಲ್ಲ, ಅವನಿಗೂ ಗೊತ್ತಾಗಲಿಲ್ಲ, ಅವನು ಆ ಸಿನಿಮಾದಲ್ಲಿ ಉಳಿದಿದ್ದಾನೋ, ಕತ್ತರಿಸಿ ಒಗೆದರೋ.

ಡೆಕ್ಕನ್ ಹೋಯಿತು, ಪ್ರಭಾತ ರಸ್ತೆ, ಗುಲ್‌ಮೊಹರಿನ ನೆರಳು, ಲಾ ಕಾಲೇಜ್ ರಸ್ತೆಯ ಸಣ್ಣ ಸಿನಿಮಾ ಹಾಲು, ಚಿಲ್ಲರೆ ತಗೊಳ್ಳದೆ ಇಂದೂ ಓಡುತ್ತಾಳೆ, ಕೇತಕಿಯ ಕೈ ಬೆವರಿ ಜಾರುತ್ತದೆ, ಒಳಗೆ ತಂಪು, ಕತ್ತಲು, ಅರ್ಧಕ್ಕಿಂತ ಹೆಚ್ಚು ಕುರ್ಚಿ ಖಾಲಿ, ಜುಬ್ಬಾ ಹಾಕಿದ ಹುಡುಗ ಹುಡುಗಿಯರು, ಪರದೆಯ ಮುಂದೆ ನರೆಗೂದಲಿನ ಹೆಂಗಸೊಬ್ಬಳು ಮೈಕು ಹಿಡಿದು ಮಾತಾಡುತ್ತಿದ್ದಾಳೆ, ಸಿನಿಮಾ ಕ್ಲಬ್ಬಿನ ಭಾಮಾ ಮೇಡಂ ಎಂದು ಯಾರೋ ಪಿಸುಗುಟ್ಟಿದರು, ಯಾರೂ ನೋಡದ ಸಿನಿಮಾ ಇದು, ಉಳಿದದ್ದು ಇದೊಂದೇ ಪ್ರಿಂಟ್, ಕ್ಷಮಿಸಿ, ಒಂದು ರೀಲು ನಮಗೆ ಸಿಕ್ಕಿಲ್ಲ, ನಡುವೆ ಕಥೆ ಸ್ವಲ್ಪ ಹಾರುತ್ತದೆ, ಎಂದು ಮರಾಠಿಯಲ್ಲಿ ಹೇಳಿ ಆಕೆ ಇಳಿದುಬಿಟ್ಟಳು — ಒಂದು ರೀಲು, ಯಾವ ರೀಲು, ಹಾಗೆ ಹೇಳಿ ಇಳಿದುಹೋಗಬಹುದೇ ಮನುಷ್ಯರು, ಇಂದೂ ಎದ್ದು ಕೇಳಬೇಕೆನ್ನುವಷ್ಟರಲ್ಲಿ ದೀಪ ಆರಿತು, ಕಿರ್ ಕಿರ್ ಸದ್ದು, ಬಿಳಿ ಗೀಚು, ಮತ್ತೆ ಹಳದಿ. ಅಷ್ಟೂ ಹಳದಿ! ಜೇಜುರಿಯ ಗಾಳಿಯೇ ಹಾಲಿನೊಳಕ್ಕೆ ಬಂದಂತೆ, ಮೂಗಿಗೆ ಅರಿಸಿನದ ಘಾಟು ಹತ್ತಿ ಅವಳು ನಿಜಕ್ಕೂ ಸೀನಿದಳು, ಸತ್ತ ಹೀರೋ ಆ ಹಳದಿ ಊರಿಗೆ ಕಾಲಿಡುತ್ತಾನೆ, ಸುತ್ತ ಜನ, ಬಿಳಿ ಬಿಳಿ ಜನ, ಎಲ್ಲರ ಬೆನ್ನು, ಬರೀ ಬೆನ್ನು, ಆಯಿ ಪಪ್ಪಾ ಯಾರ, ತಡೀ, ಅಂವಾ ಏನ, ಅಲ್ಲ, ತಡೀ, ಈಂವಾ, ಅಲ್ಲವಾ, ಈಂವಗ ಹೊಟ್ಟಿ ಅದ, ಕಣ್ಣು ಮಿಟುಕಿಸಲೂ ಭಯ, ಮಿಟುಕಿಸಿದಾಗಲೇ ದಾಟಿಹೋದರೆ, ಕೆಳಗೆ ಭೂಮಿಯ ಮೇಲೆ ಹೀರೋಯಿನ್ನು ಮಾಳಿಗೆಯಲ್ಲಿ ನಿಂತು ಹೆಸರು ಕರೆಯುತ್ತಾಳೆ, ಅವಳಿಗೆ ಬೇರೆ ಮದುವೆ, ಮಕ್ಕಳು, ಆದರೂ ಬೆಳಗಾದರೆ ಕರೆಯುತ್ತಾಳೆ, ಇಂದೂಗೆ ಆ ನಟಿಯ ಕಷ್ಟ ಬೇಡ, ಬೇಗ ಮೇಲೆ ಹೋಗಿ ಮಾರಾಯರೇ, ಮೇಲೆ ಆ ಹಳದಿ ಊರಿಗೆ ಹೋಗಿ, ಅಷ್ಟರಲ್ಲಿ ಪರದೆ ಜಿಗಿಯಿತು, ಈಗತಾನೇ ತೊಟ್ಟಿಲು ತೂಗುತ್ತಿದ್ದವಳ ತಲೆಯೆಲ್ಲ ಬೆಳ್ಳಗೆ, ಹಿಂದಿನ ಸಾಲಿನ ಹುಡುಗರು ಗೊಳ್ಳೆಂದು ನಕ್ಕರು. ಹೋಯಿತು. ಸಿಗದ ಆ ರೀಲಿನಲ್ಲೇ ದಿಗಂಬರ ಇದ್ದ. ಖಂಡಿತ ಅದರಲ್ಲೇ ಇದ್ದ, ಎಲ್ಲೋ ಒಂದು ಗೋದಾಮಿನಲ್ಲಿ ತಗಡಿನ ಡಬ್ಬಿಯೊಳಗೆ ಸುರುಳಿಯಾಗಿ ಮಲಗಿಬಿಟ್ಟ, ಆಯಿ, ಮುಗೀತೇನ, ಇಲ್ಲ ಪುಟ್ಟೀ, ಇನ್ನಾ ಅದ, ಅಂದಳು.

ಪರದೆಯ ಮೇಲಿನ ಮುದುಕಿ ಸತ್ತಳು, ಹಳದಿ ಊರಿಗೆ ಬಂದಳು, ತನ್ನ ಹೆಸರೂ ಅವಳಿಗೆ ನೆನಪಿಲ್ಲ, ಇನ್ನು ಹೀರೋ ಅವಳನ್ನು ಹುಡುಕಬೇಕು, ಅವಳನ್ನು ಕರೆಯಬೇಕು, ಕೊಳಲು ನುಡಿಯುತ್ತಿದೆ, ಭಂಡಾರ ಮೋಡದಂತೆ ಏಳುತ್ತದೆ, ಮೋಡದೊಳಗಿಂದ ಒಬ್ಬನು ನಡೆದು ಬರುತ್ತಾನೆ, ಬಿಳಿ ಧೋತರ, ಬರಿಗಾಲು, ಒಂದು ಭುಜ ತುಸು ಮೇಲೆ — ಅಯ್ಯ, ಅವನೇ, ಅವನೇ ಅವನೇ, ಇಂದೂ ಕೇತಕಿಯ ತೊಡೆ ಹಿಂಡಿದಳು, ಹೇಳಬೇಕಾಗಲಿಲ್ಲ, ಹುಡುಗಿ ಕುರ್ಚಿಯ ತುದಿಗೆ ಬಂದು ನಿಂತಿದ್ದಾಳೆ, ಆಯಿ, ಪಪ್ಪಾನ ಪಾದ ಒಳಗ ತಿರಗ್ಯಾವ, ಪಪ್ಪಾ ನನ್ನಂಗ ನಡೀತಾನ! ಹೌದಲ್ಲ, ಹೌದಲ್ಲವೇ, ಸಾಲೆಯಲ್ಲಿ ಬಾತುಕೋಳಿ ಅಂತ ಆಡಿಕೊಳ್ಳುತ್ತಾರೆ ಈ ಕಾಲಿಗೆ, ನೆಟ್ಟಗ ಇಡು ನೆಟ್ಟಗ ಇಡು ಎಂದು ತಾನೂ ದಿನಾ ಗದರುತ್ತಾಳೆ, ಮೂರು ವರ್ಷ ಆ ಪಾದಗಳ ಜೊತೆ ನಡೆದು ಅದನ್ನು ಕಾಣಲೇ ಇಲ್ಲವಲ್ಲ, ಅವನು ನಡೆದ, ನಡೆದ, ನಿಂತ, ಮುಂಗೈಯಿಂದ ಕಣ್ಣು ತಿಕ್ಕಿಕೊಂಡ, ಕಣ್ಣಿಗೆ ಭಂಡಾರ ಬಿದ್ದಿದೆ, ಸತ್ತವರೆಲ್ಲ ಅವನನ್ನು ದಾಟಿ ಹೋಗುತ್ತಿದ್ದಾರೆ, ಅವನೊಬ್ಬ ಕುರುಡನಂತೆ ನಡುವೆ ನಿಂತಿದ್ದಾನೆ, ಪರದೆಯ ಎಡ ಅಂಚಿನಿಂದ ಒಂದು ಹಸಿರು ಸೆರಗು ಹಾರಿ ಬಂತು, ಸೆರಗಿನ ಹಿಂದೆ ಒಬ್ಬ ಹುಡುಗಿ, ಕೈಯಲ್ಲಿ ಒಂದು ಜೊತೆ ಗಂಡಸಿನ ಚಪ್ಪಲಿ, ನಗುತ್ತಿದ್ದಾಳೆ, ಚಪ್ಪಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಅವನ ಮುಖ ಹಿಡಿದು, ತುದಿಗಾಲಲ್ಲಿ ನಿಂತು, ಅವನ ಕಣ್ಣಿಗೆ ಊದುತ್ತಾಳೆ. ಯಾರು ಈ ಹುಡುಗಿ, ಎಷ್ಟು ಸಲಿಗೆ ಇವಳಿಗೆ ಇವನ ಮೇಲೆ, ಎಂದು ಒಂದು ಕ್ಷಣ ಹೊಟ್ಟೆಯುರಿದದ್ದೂ ನಿಜ, ಮರುಕ್ಷಣ ಇಂದೂ ಎದ್ದು ನಿಂತಿದ್ದಳು, ಅದು ನಾನು, ನಾನ ಅದು, ನಾನ! ಕನ್ನಡದಲ್ಲೇ ಕೂಗಿದಳು, ಬಸಾ ಹೋ ಕಾಕೂ ಎಂದು ಹಿಂದಿನವರು ಗದರಿದರು, ಕೂರುವುದು ಹೇಗೆ, ಊಟಕ್ಕೆ ಬಿಟ್ಟರೆಂದು ಯಾರೋ ಕೂಗಿದ್ದರು ಅವತ್ತು, ಮುಗಿಯಿತೆಂದೇ ಗೋಡೆಯಿಂದ ಜಿಗಿದು ಓಡಿದ್ದಳು, ಕ್ಯಾಮೆರಾ ತಿರುಗುತ್ತಲೇ ಇತ್ತೇ, ಡೈರೆಕ್ಟರು ಕಂಡೂ ಸುಮ್ಮನಿದ್ದನೇ, ಎಲ್ಲವನ್ನೂ ನೆನಪಿಟ್ಟುಕೊಂಡಿದ್ದವಳು ಇದೊಂದನ್ನು ಹೇಗೆ ಮರೆತಳು.

ದೀಪ ಹತ್ತಿತು, ಜನ ಎದ್ದರು, ಭಾಮಾ ಮೇಡಂ ಸೀದಾ ಅವಳ ಹತ್ತಿರ ಬಂದಳು, ಬೈಯುತ್ತಾಳೆ ಎಂದುಕೊಂಡರೆ, ನೀವು ಧಾರವಾಡ ಕಡಿಯವರೇನ್ರಿ, ನಂದು ಬೆಳಗಾವಿ, ಯಾಕ ಒದರಿದ್ರಿ, ಅಂದಳು, ಇಂದೂಗಿಂತ ಮೊದಲು ಕೇತಕಿಯೇ ಹೇಳಿದಳು, ಅಂವಾ ನಮ್ಮ ಪಪ್ಪಾ, ಊದಿದಾಕಿ ನಮ್ಮ ಆಯಿ, ಪಪ್ಪಾ ಈಗ ಇಲ್ಲ, ಭಾಮಾ ಒಂದು ಗಳಿಗೆ ಹುಡುಗಿಯ ಮುಖವನ್ನೂ ಖಾಲಿ ಪರದೆಯನ್ನೂ ನೋಡಿದಳು, ಆಮೇಲೆ ಮೇಲಿನ ಪ್ರೊಜೆಕ್ಟರ್ ಕಿಂಡಿಗೆ ಮುಖ ಮಾಡಿ ಮರಾಠಿಯಲ್ಲಿ ಜೋರಾಗಿ, ಕೊನೆಯ ರೀಲು ಇನ್ನೊಮ್ಮೆ ಹಾಕಿ, ಅಂದಳು, ಮೇಲಿನವನು ಹೊತ್ತಾಯಿತು ಮೇಡಂ, ಮುಂದಿನವರು ಕಾಯುತ್ತಿದ್ದಾರೆ, ಅಂದ, ಕಾಯಲಿ, ಅಂದಳು ಭಾಮಾ. ಈಗ ಹಾಲಿನಲ್ಲಿ ಮೂವರೇ, ಕೇತಕಿ ಓಡಿ ಪರದೆಯ ಬುಡಕ್ಕೆ ಹೋಗಿ ನಿಂತಿದ್ದಾಳೆ, ಮೇಲೆ ಅವನು ಮೋಡದಿಂದ ನಡೆದು ಬಂದಂತೆ ಕೆಳಗೆ ಇವಳೂ ಪಾದ ಒಳಗೆ ತಿರುಗಿಸಿಕೊಂಡೇ, ಬೇಕೆಂದೇ ಇನ್ನಷ್ಟು ತಿರುಗಿಸಿಕೊಂಡು, ಪಕ್ಕಪಕ್ಕ ನಡೆಯುತ್ತಾಳೆ, ಅತ್ತೆಗೆ ಹೇಳಬೇಕು, ಅಂವಾ ಸತ್ತೋರ ಪೈಕಿ ಇಲ್ಲರೀ, ಸತ್ತೋರು ಯಾರೂ ಅಲ್ಲೆ ಕಣ್ಣ ತಿಕ್ಕೊಂಡಿಲ್ಲ, ಅಂವಗ ಒಬ್ಬಂವಗ ಕಣ್ಣ ಉರದದ, ನನ್ನನ್ನ ಕರದಂಗ ಆತು, ನಾ ಹೋಗೇನಿ, ಹೋಗಿ ಜೀವಂತ ತಿರಗಿ ಬಂದೇನಿ, ನೀವೂ ಬರ್ರಿ ನೋಡಲಿಕ್ಕೆ, ನಾ ರಿಕ್ಷಾದಾಗ ಕರಕೊಂಡ ಬರತೇನಿ, ಮೊಣಕಾಲಿಗೆ ಏನೂ ಆಗೂದಿಲ್ಲ, ಭಾಮಾಬಾಯಿಗೆ ಕೈ ಮುಗದು ಮತ್ತೊಮ್ಮೆ ಹಾಕಸ್ತೇನಿ — ಹಸಿರು ಸೆರಗು ಬಂತು, ಬಂದಳು, ಚಪ್ಪಲಿ ಕಂಕುಳಿಗೆ ಹೋಯಿತು, ತುಟಿ ಗುಂಡಗಾಯಿತು, ಮೊದಲ ಸಲ ತನ್ನನ್ನೇ ನೋಡುತ್ತ ಕಾಣದೆ ಹೋದದ್ದು ಈಗ ಕಾಣುತ್ತಿದೆ, ಅವಳು ಊದುತ್ತಾಳೆ, ರೆಪ್ಪೆಯ ಮೇಲಿನ ಹಳದಿ ಎದ್ದು ಹಾರುತ್ತದೆ, ಆ ಕಣ್ಣು ತೆರೆಯುತ್ತದೆ, ಕೆಂಪಗೆ, ನೀರು ತುಂಬಿ, ಇಷ್ಟು ಹತ್ತಿರದಿಂದ, ಮುಚ್ಚುತ್ತದೆ, ಅವಳು ಊದುತ್ತಾಳೆ, ತೆರೆಯುತ್ತದೆ, ಆ ಕಣ್ಣು, ಕೆಂಪಗೆ, ತೆರೆದು, ಅವಳನ್ನೇ ನೋಡಿ —