ಕಿವಿಪಟ್ಟಿಯ ಅಳತೆ

ಆಮ್ರಪಾಲಿ ಟೀಚರಿಗೆ ದಿನದಲ್ಲಿ ಸುಖದ ಹೊತ್ತು ಅಂತ ಇದ್ದದ್ದು ಮುಕ್ಕಾಲು ತಾಸು. ವಿಜಯಪುರ ಬಸ್‌ಸ್ಟ್ಯಾಂಡಿನಿಂದ ಎಂಟಕ್ಕೆ ಬಿಡುವ ಬಸ್ಸು ಅಥಣಿ ರಸ್ತೆ ಹಿಡಿದು, ಅವಳ ಶಾಲೆಯಿರುವ ಟಿಕೋಟಾ ಮುಟ್ಟುವಷ್ಟು ಹೊತ್ತು. ಆ ಮುಕ್ಕಾಲು ತಾಸು ಅವಳ ಹೆಗಲ ಮೇಲೆ ಒಂದು ತಲೆ ಇರುತ್ತಿತ್ತು.

ತಲೆ ವಿಜಯಲಕ್ಷ್ಮೀಯದು. ಟಿಕೋಟಾದ ಆಸ್ಪತ್ರೆಯಲ್ಲಿ ನರ್ಸ್. ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಗಂಡ ಮಕ್ಕಳ ಡಬ್ಬಿ ಕಟ್ಟಿ ಓಡಿ ಬಂದವಳು ಕಿಟಕಿಯ ಪಕ್ಕ ಕೂತು, ಊರು ದಾಟುವುದರೊಳಗೆ ಮಾತು ಅರ್ಧಕ್ಕೇ ಬಿಟ್ಟು ನಿದ್ದೆ ಹೋಗುತ್ತಿದ್ದಳು. ಕಂಡಕ್ಟರ್ ಫಯಾಜ "ಆಧಾರ್ ತೋರಸ್ರಿ" ಎಂದು ಒದರುತ್ತ ಬಂದರೆ ಆಮ್ರಪಾಲಿ ತುಟಿಯ ಮೇಲೆ ಬೆರಳಿಟ್ಟು, ಇಬ್ಬರ ಕಾರ್ಡನ್ನೂ ತಾನೇ ತೋರಿಸುತ್ತಿದ್ದಳು. ವರ್ಷ ಕಳೆಯುವಷ್ಟರಲ್ಲಿ ಫಯಾಜನೂ ಆ ಸೀಟಿನ ಹತ್ತಿರ ಬಂದಾಗ ದನಿ ಇಳಿಸುವುದನ್ನು ಕಲಿತಿದ್ದ.

ಇಳಿಯುವಾಗ ಹೆಗಲು ಜೋಮು ಹಿಡಿದಿರುತ್ತಿತ್ತು. ಆ ಜೋಮೂ ಅವಳಿಗೆ ಬೇಕಾಗಿತ್ತು. ಅವ್ವ ಮಾಳವ್ವ ತೀರಿಕೊಂಡ ಮೇಲೆ ಜಲನಗರದ ಬಾಡಿಗೆ ಮನೆಯಲ್ಲಿ ಅವಳನ್ನು ಮುಟ್ಟಿ ಮಾತಾಡಿಸುವವರು ಯಾರೂ ಉಳಿದಿರಲಿಲ್ಲ. ನಲವತ್ತು ದಾಟಿದ ಹೆಂಗಸಿಗೆ ಇದೆಂಥ ಹುಚ್ಚು ಅನ್ನುವವರು ಅನ್ನಲಿ. ತಾನೊಬ್ಬಳೇ ಉಂಡ ತಾಟನ್ನು ತಾನೊಬ್ಬಳೇ ತೊಳೆದವಳಿಗೆ ಅದು ಗೊತ್ತು.

ಡಿಸೆಂಬರ್ ಬಂತು. ಆ ಕಿಟಕಿಯ ಗಾಜೋ, ಏನು ಮಾಡಿದರೂ ನಾಲ್ಕು ಬೆರಳು ತೆರೆದೇ ಇರುತ್ತಿತ್ತು. ವಿಜಯಲಕ್ಷ್ಮೀ ಕಿವಿಗೆ ಸೆರಗು ಸುತ್ತಿಕೊಂಡರೆ ನಿದ್ದೆಯಲ್ಲಿ ಅದು ಜಾರುತ್ತಿತ್ತು.

"ಕಿವಿ ಸಿಡ್ಯಾಕತ್ತಾವ್ರಿ ಅಕ್ಕಾರ," ಅಂದಳು ಒಂದು ದಿನ.

ಅವತ್ತೇ ಆಮ್ರಪಾಲಿ ಎಳೆ ಜೋಳದ ಹಸಿರಿನ ಉಲ್ಲನ್ ತಂದಳು. ಟಿಸಿಎಚ್ ಓದುವಾಗ ಕಲಿತ ಹೆಣಿಗೆ ಕೈಯಲ್ಲಿ ಇನ್ನೂ ಇತ್ತು. ಹಣೆಯಿಂದ ಕಿವಿ ಮುಚ್ಚಿ ಹಿಂದಕ್ಕೆ ಸುತ್ತುವ ಪಟ್ಟಿ, ಅದರ ಮೇಲೆ ಸಾಲಾಗಿ ಸಣ್ಣ ಸಣ್ಣ ಜಡೆಗಳು. ಹೇಳದೆ ಕೊಟ್ಟು ಬೆರಗುಗೊಳಿಸುವ ಆಸೆ. ಹಾಗಾಗಿ ಮರುದಿನ, ವಿಜಯಲಕ್ಷ್ಮೀ ಮಲಗಿದ್ದಾಗ, ಉಲ್ಲನ್ನಿನ ಎಳೆಯನ್ನು ಅವಳ ತಲೆಯ ಸುತ್ತ ಮೆಲ್ಲಗೆ ತಂದು ಅಳತೆಗೆ ಗಂಟು ಹಾಕಿದಳು. ಹಿಂದಿನ ಸೀಟಿನ ಮುದುಕಿ ದಿಟ್ಟಿಸಿ ನೋಡಿದಳು. ಆಮ್ರಪಾಲಿ ಕದ್ದು ಸಿಕ್ಕಿಬಿದ್ದವಳಂತೆ ಎಳೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

ಬುಧವಾರ ವಿಜಯಲಕ್ಷ್ಮೀ ನಗುತ್ತಲೇ ಬಂದಳು.

"ಅಕ್ಕಾರ, ಬಬಲೇಶ್ವರಕ್ಕ ವರ್ಗಾ ಆತ್ರಿ. ಸೋಮವಾರದಿಂದ ಅಲ್ಲೇ. ದಾರ್‍ಯಾಗ ಸಾರವಾಡ, ನಮ್ಮ ತವರಮನಿ. ದಿನಾ ಅವ್ವನ ಮಾರಿ ನೋಡಬೌದು."

"ಚೊಲೋ ಆತಲ್ಲ," ಅಂದಳು ಆಮ್ರಪಾಲಿ. ಆ ಎರಡು ಮಾತು ಹೊರಡಿಸಲು ಅವಳಿಗೆ ಎಷ್ಟು ಕಷ್ಟವಾಯಿತೋ ಅವಳಿಗೇ ಗೊತ್ತು. ಇನ್ನು ಏನೇ ಆದರೂ ಶನಿವಾರದೊಳಗೆ ಪಟ್ಟಿ ಮುಗಿಯಬೇಕು. ಕಿವಿಗೆ ಬೆಚ್ಚಗಾದಾಗಲೆಲ್ಲ ತನ್ನ ನೆನಪಾದರೂ ಬರಲಿ.

ಬಿಡುವು ಸಿಕ್ಕಾಗಲೆಲ್ಲ ಹೆಣೆದಳು. ಮೂರು ಕುಣಿಕೆಯನ್ನು ಹೇರ್‌ಪಿನ್ನಿಗೆ ಏರಿಸಿ ಮುಂದಕ್ಕೆ ಬಿಡುವುದು, ಹಿಂದಿನ ಮೂರನ್ನು ಮೊದಲು ಹೆಣೆಯುವುದು, ಆಮೇಲೆ ಪಿನ್ನಿನ ಮೂರು. ಎಳೆಗಳು ಒಂದರ ಮೇಲೊಂದು ಹಾಯ್ದು ಜಡೆಯಾಗುತ್ತಿದ್ದವು. ಶುಕ್ರವಾರ ಸಂಜೆ ಕಡ್ಡಿಯಿಂದ ಇಳಿಸಿ, ಅಂಚು ಕೂಡಿಸಿ, ಅಳತೆಯ ಎಳೆಗೆ ಹಿಡಿದರೆ ಪಟ್ಟಿ ಮೂರು ಬೆರಳು ಕಡಿಮೆ! ಸಾದಾ ಹೆಣಿಗೆಯ ಲೆಕ್ಕಕ್ಕೆ ಕುಣಿಕೆ ಹಾಕಿದ್ದಳು. ಜಡೆ ಬಿದ್ದಂತೆಲ್ಲ ಹೆಣಿಗೆ ಬಿಗಿದುಕೊಳ್ಳುತ್ತದೆ ಎಂಬುದನ್ನು ಇಷ್ಟು ವರ್ಷಕ್ಕೆ ಮರೆತಿದ್ದಳು.

ಕನ್ನಡಿಯ ಮುಂದೆ ತಾನೇ ಹಾಕಿಕೊಂಡು ನೋಡಿದಳು. ತನ್ನದು ಪುಟ್ಟ ತಲೆ, ತೆಳು ಕೂದಲು. ಹೇಳಿ ಮಾಡಿಸಿದಂತೆ ಕೂತಿತು, ಕಿವಿ ಬೆಚ್ಚಗಾದವು. ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ, ತನಗೆ ಸರಿಹೋದದ್ದನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಹೆಣಿಗೆಯನ್ನು ಪೂರ್ತಿ ಬಿಚ್ಚಿಬಿಟ್ಟಳು.

ಶನಿವಾರ ಕೊಡಲು ಏನೂ ಇರಲಿಲ್ಲ. ಟಿಕೋಟಾದಲ್ಲಿ ಇಳಿದ ವಿಜಯಲಕ್ಷ್ಮೀ, "ಬರ್ತೇನ್ರಿ ಅಕ್ಕಾರ, ಫೋನ್ ಮಾಡ್ರಿ ಮತ್ತ" ಎಂದು ಆಸ್ಪತ್ರೆಯ ಕಡೆ ಓಡಿದಳು. ಹೊರಳಿ ನೋಡಲಿಲ್ಲ. ಡ್ಯೂಟಿಗೆ ತಡವಾಗಿತ್ತು, ಪಾಪ.

ಭಾನುವಾರ ಇಡೀ ದಿನ ಕೂತು ಪಟ್ಟಿಯನ್ನು ಮೊದಲಿನಿಂದ ಹೆಣೆದು ಮುಗಿಸಿದಳು. ಈ ಸಲ ಅಳತೆ ತಪ್ಪಲಿಲ್ಲ. ಸೋಮವಾರ ಬೇಗನೆ ಬಸ್‌ಸ್ಟ್ಯಾಂಡಿಗೆ ಹೋದಳು. ಬಬಲೇಶ್ವರದ ಬಸ್ಸು ಹೊರಡುವುದರಲ್ಲಿತ್ತು. ಮೂರನೆಯ ಕಿಟಕಿಯಲ್ಲಿ ವಿಜಯಲಕ್ಷ್ಮೀ. ಆಗಲೇ ನಿದ್ದೆ ಹೋಗಿದ್ದಳು. ತಲೆ, ಪಕ್ಕದ ಕನ್ನಡಕದ ಹೆಂಗಸಿನ ಹೆಗಲ ಮೇಲಿತ್ತು.

ಆಮ್ರಪಾಲಿ ಗಾಜು ಬಡಿಯಲು ಕೈ ಎತ್ತಿದಳು. ಕನ್ನಡಕದ ಹೆಂಗಸು ಅವಳನ್ನು ನೋಡಿದಳು. ಹೆಗಲು ಅಲುಗದಂತೆ ಕತ್ತನ್ನಷ್ಟೇ ತಿರುಗಿಸಿ, ತುಟಿಯ ಮೇಲೆ ಬೆರಳಿಟ್ಟಳು.

ಎತ್ತಿದ ಕೈ ಕೆಳಗಿಳಿಯಿತು. ಬಸ್ಸು ಹೊರಟುಹೋಯಿತು.

ಎಂಟರ ಬಸ್ಸಿನಲ್ಲಿ ಅವಳು ಅದೇ ಸೀಟಿನಲ್ಲಿ, ಇವತ್ತು ಕಿಟಕಿಯ ಪಕ್ಕ ಕೂತಳು. ಗಾಳಿ ಕಿವಿಗೆ ಚುಚ್ಚಿತು. ಚೀಲದಿಂದ ಪಟ್ಟಿ ತೆಗೆದು ಹಾಕಿಕೊಂಡಳು. ಕಣ್ಣ ಮೇಲೆ ಜಾರಿತು. ಏರಿಸಿದಳು, ಮತ್ತೆ ಜಾರಿತು. ಕಡೆಗೆ ಒಂದು ಕೈಯಲ್ಲಿ ಹಿಡಿದುಕೊಂಡೇ ಕೂತಳು. ಪಕ್ಕದ ಸೀಟು ಖಾಲಿ ಇತ್ತು.

ಫಯಾಜ ಟಿಕೆಟ್ ಕೊಡುತ್ತ ಬಂದ. ಆ ಸೀಟಿನ ಹತ್ತಿರ ಬಂದವನು ರೂಢಿಯಂತೆ ಬಾಗಿ, ಪಿಸುದನಿಯಲ್ಲಿ, "ಆಧಾರ್ ತೋರಸ್ರಿ ಟೀಚರ್" ಅಂದ.

ಆಮ್ರಪಾಲಿ ಒಂದೇ ಕಾರ್ಡು ಮುಂದೆ ಹಿಡಿದಳು.

"ಜೋರ್‍ಲೆ ಕೇಳೋ ಫಯಾಜ," ಅಂದಳು. "ಇಲ್ಲಿ ಯಾರೂ ಮಲಗಿಲ್ಲ."