ಎಡಸುತ್ತು

"ಈಗ ಬಲಕ್ಕ ತಿರುಗ್ರಿ ಅಜ್ಜಿ," ಎಂದಳು ಪೂರ್ವಾ.

ಶಾಮಲಾಬಾಯಿ ಯಾವ ಆಧಾರವೂ ಇಲ್ಲದೆ ಒಂದು ಸುತ್ತು ತಿರುಗಿ ನಿಂತು, ನೋಡಿದೆಯಾ ಎನ್ನುವ ಹಾಗೆ ಮಗನತ್ತ ನೋಡಿದರು. ಕೇದಾರ ನಗಲಿಲ್ಲ. ಅವನ ಪಕ್ಕದಲ್ಲಿ ಹೊಸ ವಾಕರ್, ಹಿಡಿಕೆಗೆ ಸುತ್ತಿದ ಪ್ಲಾಸ್ಟಿಕ್ ಸಮೇತ ನಿಂತಿತ್ತು. ಹೋದ ವಾರ ಸದಾಶಿವ ಪೇಠದ ತಿರುವಿನಲ್ಲಿ ಆಕೆ ರಿಕ್ಷಾಕ್ಕೆ ಅಡ್ಡ ಬಿದ್ದದ್ದೇ ಇಷ್ಟಕ್ಕೆಲ್ಲ ಕಾರಣ. ಬಿದ್ದದ್ದೇನು, ಬೀಳುವುದರಲ್ಲಿದ್ದರು ಅಷ್ಟೇ! ಆದರೆ ಮಗನ ಮಾತು ಒಂದೇ: ಫಿಜಿಯೋಥೆರಪಿಯ ಈ ಹುಡುಗಿ ಸೈ ಅನ್ನಬೇಕು, ಇಲ್ಲವಾದರೆ ದತ್ತನ ಗುಡಿಗೆ ಒಬ್ಬರೇ ಹೋಗುವುದು ಬಂದ್.

"ಈಗ ಎಡಕ್ಕ."

ಅಯ್ಯೋ, ಅದೇನಾಯಿತೋ! ಒಂದು ಪಾದ ಇನ್ನೊಂದಕ್ಕೆ ತೊಡರಿತು. ಪೂರ್ವಾ ರಟ್ಟೆ ಹಿಡಿಯದಿದ್ದರೆ ಟೀಪಾಯಿಯ ಮೂಲೆಗೆ ತಲೆ ಬಡಿಯುತ್ತಿತ್ತು.

"ಮುಗೀತಲ್ಲವ್ವಾ?" ಕೇದಾರ ಟೀಪಾಯಿಯನ್ನು ಗೋಡೆಯತ್ತ ಸರಿಸಿದ. ಸಿಟ್ಟಿಗಲ್ಲ, ಹೆದರಿಕೆಗೆ.

"ದಿನಾ ಅಡ್ಡಾಡತೀನಲ್ಲೋ, ಮುಂಜಾನಿ, ಸಂಜಿ!"

"ಎಲ್ಲಿ ಅಡ್ಡಾಡ್ತೀರಿ ಅಜ್ಜಿ?" ಎಂದಳು ಪೂರ್ವಾ.

"ಗುಡಿಯೊಳಗ. ಔದುಂಬರದ ಗಿಡಕ್ಕ ಪ್ರದಕ್ಷಿಣಿ."

ಪೂರ್ವಾ ಬೆಳಗಾವಿಯವಳು, ಪ್ರದಕ್ಷಿಣೆಯೆಂದರೆ ಬಲಸುತ್ತು ಎಂದು ಬಿಡಿಸಿ ಹೇಳಬೇಕಾಗಲಿಲ್ಲ. "ಅಂದ್ರ ಇಷ್ಟ ವರ್ಷ ಬರೇ ಬಲಕ್ಕ! ಎಡಕ್ಕ ತಿರುಗೂದು ಕಾಲಿಗೆ ಮರ್ತೇ ಹೋಗೇದ್ರಿ. ದಿನಾ ಒಂದಿಷ್ಟು ಎಡಕ್ಕ ಸುತ್ರಿ, ಮುಂದಿನ ವಾರ ಮತ್ತ ನೋಡೂಣು."

"ಅಪ್ರದಕ್ಷಿಣಿ ಹಾಕಲೇನು? ಅದನ್ನ ಹೆಣಕ್ಕ ಹಾಕತಾರ ತಂಗಿ! ನಾ ವಲ್ಲೆ."

"ಹಂಗಾರ ಇದನ್ನ ಹಿಡ್ಕೊ," ಎಂದು ಕೇದಾರ ವಾಕರನ್ನು ಹಾಲ್‌ನ ನಡುವೆ ತಂದಿಟ್ಟು, ಪೂರ್ವಾಳನ್ನು ಬಿಡಲು ಕೆಳಗಿಳಿದ.

ಶಾಮಲಾಬಾಯಿಗೆ ಅಳು ಒತ್ತರಿಸಿ ಬಂತು. ಇದನ್ನು ತಳ್ಳಿಕೊಂಡು ಗುಡಿಯ ಮೆಟ್ಟಿಲು ಹತ್ತುವುದುಂಟೇ? ಆ ಅಲ್ಯೂಮಿನಿಯಂ ಕಾಲುಗಳನ್ನು ದುರುಗುಟ್ಟಿ ನೋಡುತ್ತ ನಿಂತರು. ಆಮೇಲೆ ಹೋಗಿ ದೇವರ ಕೋಣೆಯ ಬಾಗಿಲು ಮುಂದೆ ಮಾಡಿ ಬಂದರು.

"ನಿನ್ನೊಳಗ ದೇವರಂತೂ ಇಲ್ಲ," ಎಂದು ವಾಕರಿಗೆ ಹೇಳಿ, ಅದನ್ನು ಎಡಕ್ಕಿಟ್ಟುಕೊಂಡು ಅದರ ಸುತ್ತ ಹೆಜ್ಜೆ ಇಟ್ಟರು.

ಮೊದಲ ತಿರುವಿಗೇ ಮೈ ವಾಲಿತು. ಕೈ ಹಿಡಿಕೆಯ ಹತ್ತಿರ ಹೋಗಿ, ಹಿಂದೆ ಬಂತು. ಬಾಗಿಲಲ್ಲಿ ಕೇದಾರ ಬಂದು ನಿಂತಿದ್ದ. ಓಡಿ ಬರಲು ಹೊರಟವನನ್ನು ಆಕೆ ಕಣ್ಣಲ್ಲೇ ತಡೆದರು.

"ಮುಟ್ಟಬ್ಯಾಡ."

ಅವನು ಹೊಸ್ತಿಲಲ್ಲೇ ನಿಂತ. ಆಕೆ ಇನ್ನೊಂದು ಸುತ್ತಿಗೆ ತಿರುಗಿದರು. ಹಿಡಿಕೆಗೆ ಸುತ್ತಿದ ಪ್ಲಾಸ್ಟಿಕ್ಕನ್ನು ಆಕೆಯ ಕೈ ಇನ್ನೂ ಮುಟ್ಟಿರಲಿಲ್ಲ.